ಅಜ್ಜಿಯ ಟ್ರಂಕು

ನಮ್ಮ ಕಿಗ್ಗದಲ್ಲಿ ಕಾಗದವನ್ನು ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಮಳೆಗಾಗಿ ನಾಡಿನವರೆಲ್ಲ ಬಂದು ಬೇಡಿಕೊಳ್ಳುವ ಋಷ್ಯಶೃಂಗೇಶ್ವರನ ಊರು ಇದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಗೋಡೆಗಳೇ ಬೆವರುತ್ತವೆ. ಶಾಲೆಯ ಹಾಜರಿ ಪುಸ್ತಕಕ್ಕೂ ಬೂಷ್ಟು ಬರುತ್ತದೆ. ಬೂಷ್ಟು ಬಿಟ್ಟದ್ದನ್ನು ಗೆದ್ದಲು ತಿನ್ನುತ್ತದೆ. ಇಂಥ ಊರಿನಲ್ಲಿ ನಮ್ಮಜ್ಜಿ ಹತ್ತಾರು ವರ್ಷಗಳ ಗೇಣಿ ರಸೀದಿಗಳನ್ನು ಒಂದು ತಗಡಿನ ಟ್ರಂಕಿನಲ್ಲಿ, ಬಜೆ ಬೇರಿನ ತುಂಡುಗಳ ನಡುವೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಹಿಂದಿನವರು ಕಾಗದ, ಓಲೆಗಳನ್ನು ಬಿಟ್ಟು ಕಲ್ಲನ್ನು ನಂಬಿದ್ದು ಇದಕ್ಕೇ ಇರಬೇಕು. ಏಳನೆಯ ಶತಮಾನದ ಆಳುಪ ಅರಸರ ಶಾಸನಗಳು ಕಿಗ್ಗದಲ್ಲಿ ಸಿಕ್ಕಿವೆ. ನಮ್ಮ ಜಿಲ್ಲೆಯನ್ನು ಕಡೂರು ಜಿಲ್ಲೆ ಎನ್ನುತ್ತಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಅವುಗಳನ್ನು ಅಚ್ಚು ಹಾಕಿಸಿದರು. ದಾನ ಕೊಟ್ಟ ಕಲ್ಲುಗಳ ಕೊನೆಯಲ್ಲಿ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ಎಂದು ಶಾಪ ಹಾಕುವುದು ಆಗಿನ ರೂಢಿ. ಕಲ್ಲಿನ ಮೇಲೆ ಬರೆದರೂ ಅವರಿಗೆ ಧೈರ್ಯ ಸಾಲದು, ನೋಡಿ!

ಅಜ್ಜಿಯ ಟ್ರಂಕು ಕೆಳಗಿಳಿದದ್ದು ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ತಾವೇ ಗೇಣಿದಾರರೆಂದು ತೋರಿಸಬೇಕಿತ್ತು. ಅಲ್ಲಿಗೆ ವಕೀಲರು ಬರುವಂತಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ನಮ್ಮದು ಮುಗಿದೇ ಹೋಗಿತ್ತು.

ಅಜ್ಜ ತೀರಿಕೊಂಡು ವರ್ಷಗಳಾಗಿದ್ದವು. ಗದ್ದೆಯನ್ನು ಮಾಡಿಸುತ್ತಿದ್ದವಳು ಅಜ್ಜಿ. ಆದರೆ ಪಹಣಿಯ 12ನೇ ಕಲಮಿನಲ್ಲಿ, ಅಂದರೆ ಸಾಗುವಳಿ ಮಾಡುವವರ ಹೆಸರು ಇರಬೇಕಾದ ಜಾಗದಲ್ಲಿ, ಒಡೆಯರ ಹೆಸರೇ ಇತ್ತು. ಬರೆದವರು ಯಾರೋ, ಯಾಕೆ ಹಾಗೆ ಬರೆದರೋ. 1964ರ ಭೂಕಂದಾಯ ಕಾಯಿದೆಯ 133ನೇ ಸೆಕ್ಷನ್ ಪ್ರಕಾರ ಪಹಣಿಯಲ್ಲಿದ್ದದ್ದನ್ನು ಸುಳ್ಳೆಂದು ಸಾಬೀತಾಗುವ ತನಕ ನಿಜವೆಂದೇ ಭಾವಿಸಬೇಕು. ಸುಳ್ಳೆಂದು ತೋರಿಸುವ ಹೊರೆ, ಹೆಬ್ಬೆಟ್ಟು ಒತ್ತುವ ವಿಧವೆಯ ಮೇಲೆ ಬಿತ್ತು.

ನಾನಾಗ ಚಿಕ್ಕವಳು. ಅಮ್ಮ ಎಷ್ಟೋ ಸಲ ಹೇಳಿ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಂಡಳಿಯವರು ರಸೀದಿಗಳನ್ನು ತಿರುವಿ ಹಾಕಿ ಕೇಳಿದರಂತೆ: ಇವು ಇಷ್ಟು ದಿನ ಯಾರ ಹತ್ತಿರ ಇದ್ದವು?

"ನನ್ನ ಹತ್ರಾನೇ. ಪ್ರತಿ ವರ್ಷ ಅಡಿಕೆ ಅಳೆದು ಕೊಟ್ಟ ದಿನ ಕೈಗೆ ಕೊಡ್ತಿದ್ರು. ಓದಕ್ಕೆ ಬರಲ್ಲ ಅಂತ ಬಿಸಾಡಕ್ಕಾಗ್ತದಾ ಸ್ವಾಮಿ?"

ಒಡೆಯರ ಕಡೆಯವರು ರುಜು ತಮ್ಮದಲ್ಲವೆಂದು ಹೇಳಲಿಲ್ಲ. ಅದು ಅವರ ದೊಡ್ಡತನ, ಅದನ್ನೂ ಹೇಳಬೇಕು. ಗದ್ದೆ ನಮ್ಮದಾಯಿತು.

ಆ ಗದ್ದೆಯ ಪಹಣಿ ಮುಂದೆ ಕಂಪ್ಯೂಟರಿಗೆ ಹೋಯಿತು. 'ಭೂಮಿ' ಯೋಜನೆಯಲ್ಲಿ, ಗ್ರಾಮ ಲೆಕ್ಕಿಗರ ಬಳಿ ಕೈಬರಹದಲ್ಲಿದ್ದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಟೈಪು ಮಾಡಿಸಿದರು. 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಸಿಗುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಲಂಚವಿಲ್ಲದೆ, ಯಾರನ್ನೂ ಅಂಗಲಾಚದೆ ಹಾಳೆ ಸಿಕ್ಕಿದ ದಿನ ನಾನು ನಿಜಕ್ಕೂ ಹಿಗ್ಗಿದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಅಮ್ಮನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು! ಅದನ್ನು ತಿದ್ದಿಸಲು ಟ್ರಂಕಿನಿಂದ ಹಳೆಯ ಕಾಗದವನ್ನೇ ತೆಗೆಯಬೇಕಾಯಿತು. ಯಂತ್ರಕ್ಕೆ ಅಕ್ಷರ ಗೊತ್ತು, ಅಮ್ಮ ಗೊತ್ತಿಲ್ಲ.

ಕಾಯಿದೆಯೂ ಇದನ್ನೇ ಕೇಳುತ್ತದೆಂದು ನನಗೆ ತಿಳಿದದ್ದು ಇತ್ತೀಚೆಗೆ. 1872ರ ಸಾಕ್ಷ್ಯ ಕಾಯಿದೆಗೆ ಕಂಪ್ಯೂಟರಿನ ಸಂಗತಿ ಸೇರಿದ್ದು 2000ದಲ್ಲಿ, 65-ಬಿ ಎಂಬ ಸೆಕ್ಷನ್ನಿನಲ್ಲಿ. ಯಂತ್ರದಿಂದ ತೆಗೆದ ಪ್ರತಿಯ ಜೊತೆಗೆ, ಆ ಯಂತ್ರದ ಜವಾಬ್ದಾರಿ ಹೊತ್ತವರ ಪ್ರಮಾಣಪತ್ರವೊಂದು ಬೇಕು ಎಂದಿತು ಅದು. ಕೇರಳದ ಒಂದು ಚುನಾವಣಾ ತಕರಾರಿನಲ್ಲಿ ಸಿ.ಡಿ.ಗಳ ಜೊತೆ ಆ ಪತ್ರ ಇರಲಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಅವನ್ನು ಒಪ್ಪಲಿಲ್ಲ. 2020ರಲ್ಲಿ ಅದನ್ನೇ ಮತ್ತೆ ಹೇಳಿ, ಮೂಲ ಫೋನನ್ನೋ ಕಂಪ್ಯೂಟರನ್ನೋ ಒಡೆಯರೇ ತಂದು ಸಾಕ್ಷಿ ನುಡಿದರೆ ಪತ್ರ ಬೇಡ ಎಂದೂ ಬಿಡಿಸಿತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪತ್ರದಲ್ಲಿ ಎರಡು ಭಾಗ. ಒಂದಕ್ಕೆ ಹಾಜರುಪಡಿಸುವವರ ರುಜು, ಇನ್ನೊಂದಕ್ಕೆ ತಜ್ಞರದ್ದು. ಹ್ಯಾಶ್ ಎಂಬ ಸಂಖ್ಯೆಯನ್ನೂ ಬರೆಯಬೇಕು. ಅದೊಂದು ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರಾ ಬದಲಾಗುತ್ತದೆ. ಅಜ್ಜಿಯನ್ನು ಕೇಳಿದ ಪ್ರಶ್ನೆಯೇ ಇಲ್ಲೂ ಇದೆ ಅನ್ನಿಸಿತು ನನಗೆ.

ನಾನು ಇದನ್ನೆಲ್ಲ ಓದಿದ್ದು ಒಬ್ಬ ಹಳೆಯ ವಿದ್ಯಾರ್ಥಿನಿಗಾಗಿ. ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದಳು. ಮದುವೆಯಾಗಿ ಮೂರು ವರ್ಷ. ತವರಿನಿಂದ ಹಣ ತಾ ಎಂದು ಗಂಡನ ಮನೆಯವರು ಕಳಿಸಿದ ವಾಟ್ಸಾಪ್ ಸಂದೇಶಗಳು, ಬೈಗುಳದ ಧ್ವನಿ ಎಲ್ಲ ಫೋನಿನಲ್ಲಿತ್ತು. ಈಗ ಅವರು ನಾವು ಕೇಳೇ ಇಲ್ಲ ಎನ್ನುತ್ತಿದ್ದರು.

"ಪರದೆ ಒಡೆದುಹೋಗಿದೆ ಟೀಚರೇ. ಅಂಗಡೀಲಿ ಕೊಟ್ಟು ಹೊಸದು ತಗೊಳ್ತೀನಿ. ಮುಖ್ಯವಾದ್ದಕ್ಕೆಲ್ಲ ಫೋಟೋ ಹೊಡ್ಕೊಂಡು ತಂಗಿಗೆ ಕಳಿಸಿದೀನಿ, ಸಾಕಲ್ಲ?"

"ಬೇಡ ಮಾರಾಯ್ತಿ!" ಅಂದೆ. ಅಷ್ಟು ಜೋರಾಗಿ ಕೂಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಫೋಟೋ ತೆಗೆದದ್ದು ನೆರಳು ಮಾತ್ರ. ನಡುವಿನ ಮಾತು ಅಳಿಸಿದ್ದೀರಿ ಎಂದೋ, ಬೇರೆಯವರೇ ಬರೆದದ್ದು ಎಂದೋ ಎದುರಿನವರು ಹೇಳಿದರೆ ತಂಗಿಯ ಫೋನು ಏನು ಉತ್ತರ ಕೊಟ್ಟೀತು? ಮೂಲ ಫೋನು, ಅದರಲ್ಲಿರುವ ಸಿಮ್ಮು, ಒಂದು ಸಂದೇಶವನ್ನೂ ಅಳಿಸದ ಪೂರ್ತಿ ಸಂಭಾಷಣೆ ಇವೆಲ್ಲ ಅವಳ ಕೈಯಲ್ಲೇ ಇರಬೇಕು. ಸಿಟ್ಟಿನಲ್ಲಿ ಅವಳು ತಿರುಗಿ ಬರೆದದ್ದೂ ಇರಲಿ. ಅದನ್ನು ಅಳಿಸಿದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ತಾರೀಖು ಬರೆದಿಟ್ಟುಕೊಂಡು ಮೊದಲು ವಕೀಲರಿಗೆ ತೋರಿಸು ಎಂದೆ.

ಮರುವಾರ ಇಬ್ಬರೂ ಶೃಂಗೇರಿಯ ಬಸ್ಸು ಹತ್ತಿ ವಕೀಲರನ್ನು ಕಂಡು ಬಂದೆವು. ಬಾಡಿಗೆ ಮನೆಯಲ್ಲಿ ಫೋನಿಡಲು ಭಯ ಎಂದಳು ಹುಡುಗಿ. ಟ್ರಂಕನ್ನು ಅಟ್ಟದಿಂದ ಇಳಿಸಿದೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಸೀದಿಗಳ ಪಕ್ಕದಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಅವಳ ಕೈಗೇ ಕೊಟ್ಟೆ. ತಿಂಗಳಿಗೊಮ್ಮೆ ಬಂದು ಚಾರ್ಜು ಮಾಡಿ ಹೋಗುತ್ತಾಳೆ. ಕರೆಂಟು ಇಲ್ಲದ ದಿನ ಬಂದರೆ, ಬರುವ ತನಕ ಕೂತು ನನ್ನ ಜೊತೆ ಹಲಸಿನ ಹಪ್ಪಳ ತಿನ್ನುತ್ತಾಳೆ.