ಮೊಂಜು ಸ್ಥಾವರದ ಮುರಿದ ಸಲಾಕೆ

ಜಪಾನಿನ ಫುಕುಯಿ ಪ್ರಾಂತದ ಸುರುಗಾ ನಗರದ ಕಡಲಂಚಿನಲ್ಲಿ ನಿರ್ಮಿತವಾದ ಕ್ಷಿಪ್ರ ಪ್ರಜನಕ ಪರಮಾಣು ರಿಯಾಕ್ಟರಿಗೆ ಮೊಂಜು ಎಂದು ಹೆಸರು. ಪ್ರಜ್ಞೆಯ ಮೂರ್ತಿಯೆನಿಸಿದ ಬೋಧಿಸತ್ತ್ವ ಮಂಜುಶ್ರೀಯ ಹೆಸರೇ ಜಪಾನೀಯರ ನಾಲಗೆಯಲ್ಲಿ ಈ ರೂಪವನ್ನು ತಾಳಿದೆ. ನಮ್ಮ ಕದಿರೆಯ ಮಂಜುನಾಥನ ಹೆಸರಿಗೂ ಈ ಬೋಧಿಸತ್ತ್ವನಿಗೂ ಸಂಬಂಧವುಂಟೆಂದು ವಿದ್ವಾಂಸರಲ್ಲಿ ಕೆಲವರು ಊಹಿಸಿರುವುದುಂಟು. ಅದು ಹಾಗಿರಲಿ. ಇಷ್ಟು ದೊಡ್ಡ ಹೆಸರಿನ ಸ್ಥಾವರವನ್ನು ಹದಿನಾಲ್ಕು ವರ್ಷಕ್ಕೂ ಮಿಕ್ಕಿ ಸ್ತಬ್ಧಗೊಳಿಸಿದ್ದು ಕಿರುಬೆರಳಿನ ಗಾತ್ರದ ಒಂದು ಉಕ್ಕಿನ ಸಲಾಕೆ.

1994ರ ಏಪ್ರಿಲಿನಲ್ಲಿ ಈ ರಿಯಾಕ್ಟರಿನಲ್ಲಿ ಸರಣಿಕ್ರಿಯೆ ಮೊದಲಾಯಿತು; 1995ರ ಆಗಸ್ಟಿನಲ್ಲಿ ಅದರ ವಿದ್ಯುತ್ತು ಜನರ ಬಳಕೆಗೆ ಹರಿಯಿತು. ಇದರಲ್ಲಿ ಶಾಖವನ್ನು ಒಯ್ಯುವುದು ನೀರಲ್ಲ, ಕಾಸಿ ಕರಗಿಸಿದ ಸೋಡಿಯಂ ಲೋಹ. ಚೆನ್ನೈಗೆ ಸಮೀಪದ ಕಲ್ಪಾಕ್ಕಂನಲ್ಲಿ 1985ರಲ್ಲಿ ಕಾರ್ಯಾರಂಭ ಮಾಡಿದ ಪರೀಕ್ಷಾ ರಿಯಾಕ್ಟರಿನ ಕ್ರಮವೂ ಇದೇ. ಸೋಡಿಯಂ ಉತ್ತಮ ಉಷ್ಣವಾಹಕವೇನೋ ಹೌದು; ಆದರೆ ಬಿಸಿಯಾದ ಸೋಡಿಯಂ ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ.

1995ರ ಡಿಸೆಂಬರ್ 8ರ ಸಂಜೆ, ಸ್ಥಾವರವು ಪೂರ್ಣ ಸಾಮರ್ಥ್ಯದ ಶೇಕಡಾ 40ರಷ್ಟರಲ್ಲಿ ನಡೆಯುತ್ತಿದ್ದಾಗ, ದ್ವಿತೀಯ ಮಂಡಲದ ಕೊಳವೆಯೊಂದರ ಬಳಿ ಎಚ್ಚರಿಕೆಯ ಗಂಟೆ ಬಾರಿಸಿತು. ನಡೆಸುವವರು ಮೊದಲು ಸೋರಿಕೆಯನ್ನು ಸಣ್ಣದೆಂದು ಎಣಿಸಿ ಶಕ್ತಿಯನ್ನು ಮೆಲ್ಲಮೆಲ್ಲನೆ ಇಳಿಸತೊಡಗಿದರು. ರಿಯಾಕ್ಟರನ್ನು ಒಮ್ಮೆಲೆ ನಿಲ್ಲಿಸಿದ್ದು ಸುಮಾರು ಒಂದೂವರೆ ಗಂಟೆಯ ಬಳಿಕ. ಅಷ್ಟರಲ್ಲಿ ಸೋಡಿಯಂ ಉರಿದು ಗಾಳಿಯ ನಾಳವನ್ನೂ ಉಕ್ಕಿನ ಜಾಲರಿಯನ್ನೂ ತೂತು ಮಾಡಿತ್ತು. ಸೋರಿದ್ದು ಸುಮಾರು 640 ಕಿಲೋಗ್ರಾಂ. ಈ ಮಂಡಲದ ಸೋಡಿಯಂ ವಿಕಿರಣಶೀಲವಾದುದಲ್ಲ, ಯಾರಿಗೂ ಗಾಯವಾಗಲಿಲ್ಲ.

ಸೋರಿದ್ದಾದರೂ ಎಲ್ಲಿಂದ? ಪ್ರವಾಹದ ಉಷ್ಣತೆಯನ್ನಳೆಯಲು ಕೊಳವೆಯೊಳಕ್ಕೆ ಅಡ್ಡಲಾಗಿ ಚಾಚಿದ್ದ ಉಷ್ಣಮಾಪಕದ ಕವಚವು ಮುರಿದಿತ್ತು. ಬುಡದಲ್ಲಿ ದಪ್ಪನಾಗಿದ್ದ ಈ ಸಲಾಕೆ ಒಂದೆಡೆ ಥಟ್ಟನೆ 10 ಮಿಲಿಮೀಟರ್ ವ್ಯಾಸಕ್ಕೆ ಕಿರಿದಾಗುತ್ತಿತ್ತು. ಮುರಿದದ್ದು ಆ ಚೂಪು ಮೂಲೆಯಲ್ಲಿಯೇ.

ಹರಿಯುವ ದ್ರವಕ್ಕೆ ಅಡ್ಡವಾಗಿ ನಿಂತ ಸಲಾಕೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಕಳಚಿಕೊಳ್ಳುತ್ತ ಹೋಗುತ್ತದೆ. ಗಾಳಿಗೆ ತಂತಿ ಗುಂಯ್ಗುಡುವುದರ ಲೆಕ್ಕವನ್ನು 1878ರಲ್ಲಿ ಸ್ಟ್ರೌಹಾಲನು ತಿಳಿಸಿದ. 1911ರ ಸುಮಾರಿಗೆ ಕಾರ್ಮನ್ ಈ ಸುಳಿಗಳ ಸಾಲಿಗೆ ಗಣಿತವನ್ನು ಒದಗಿಸಿದ. ವೇಗವನ್ನು ವ್ಯಾಸದಿಂದ ಭಾಗಿಸಿ ಐದರಲ್ಲಿ ಒಂದು ಪಾಲನ್ನು ತೆಗೆದರೆ ಸುಳಿಗಳ ಆವರ್ತನ ಸರಿಸುಮಾರಾಗಿ ದೊರೆಯುತ್ತದೆ. 10 ಮಿಲಿಮೀಟರ್ ಸಲಾಕೆಯನ್ನು ಸೆಕೆಂಡಿಗೆ 5 ಮೀಟರ್ ವೇಗದ ಪ್ರವಾಹದಲ್ಲಿ ಹಿಡಿದರೆ ಅದು ಸೆಕೆಂಡಿಗೆ 100. ಒಂದು ದಿನಕ್ಕೆ 86,40,000. ಒಂದೇ ಪೆಟ್ಟಿಗೆ ಜಗ್ಗದ ಉಕ್ಕು ಸಣ್ಣ ಬಾಗು ಕೋಟಿ ಸಲ ಮರುಕಳಿಸಿದರೆ ದಣಿದು ಬಿರಿಯುತ್ತದೆಂಬುದನ್ನು ಜರ್ಮನಿಯ ವೋಲರ್ ರೈಲುಗಾಲಿಗಳ ಅಚ್ಚುಗಳ ಮೇಲೆ ಪರೀಕ್ಷೆ ನಡೆಸಿ 1870ರ ವೇಳೆಗೇ ತೋರಿಸಿದ್ದ.

ಇವು ಯಾವುವೂ ಮೊಂಜುವಿನ ಶಿಲ್ಪಿಗಳಿಗೆ ಅರಿಯದ ಸಂಗತಿಗಳಲ್ಲ. ಅವರು ಅಮೆರಿಕದ ಯಂತ್ರಶಿಲ್ಪಿಗಳ ಸಂಘವು 1974ರಲ್ಲಿ ಪ್ರಕಟಿಸಿದ ನಿಯಮಾವಳಿಯನ್ನು ಅನುಸರಿಸಿದ್ದರು. ಆ ನಿಯಮವಾದರೋ ಪ್ರವಾಹಕ್ಕೆ ಅಡ್ಡಲಾದ ಕಂಪನವನ್ನಷ್ಟೇ ಪರಿಗಣಿಸುತ್ತಿತ್ತು. ಇದಲ್ಲದೆ ಇನ್ನೊಂದು ಬಗೆಯುಂಟು: ಎರಡು ಪಕ್ಕಗಳಲ್ಲಿಯೂ ಸುಳಿಗಳು ಏಕಕಾಲಕ್ಕೆ ಜೋಡಿಯಾಗಿ ಕಳಚಿದಾಗ ಸಲಾಕೆ ಪ್ರವಾಹದ ದಿಕ್ಕಿನಲ್ಲಿಯೇ ಹಿಂದು ಮುಂದಾಗಿ ತೂಗುತ್ತದೆ. ಅಡ್ಡಕಂಪನಕ್ಕೆ ಬೇಕಾದುದಕ್ಕಿಂತ ಬಹಳ ಕಡಮೆ ವೇಗದಲ್ಲಿಯೇ ಇದು ತಲೆದೋರುತ್ತದೆ. ಮೊಂಜುವಿನಲ್ಲಿ ಸಂಭವಿಸಿದ್ದು ಇದೇ ಎಂದು ತನಿಖೆಯಿಂದ ಸ್ಥಿರಪಟ್ಟಿತು.

ಈ ಬಗೆಯೂ ಹೊಸದಾಗಿರಲಿಲ್ಲವೆಂಬುದು ವಿಷಾದದ ಮಾತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹಂಬರ್ ಅಳಿವೆಯ ಇಮ್ಮಿಂಗ್‌ಹ್ಯಾಮಿನಲ್ಲಿ ಎಣ್ಣೆಹಡಗುಗಳ ಕಟ್ಟೆಗಾಗಿ ನೆಟ್ಟ ಉಕ್ಕಿನ ಕಂಬಗಳು ಭರತದ ಸೆಳೆತಕ್ಕೆ ಸಿಕ್ಕಿ, ಪ್ರವಾಹದ ದಿಕ್ಕಿನಲ್ಲಿಯೇ ತೂಗಾಡಿದ್ದವು. ಅದರ ಮೇಲಣ ಸಂಶೋಧನೆ 1970ರ ದಶಕದಲ್ಲಿ ಅಚ್ಚಾಗಿಯೂ ಇತ್ತು. ಬಂದರು ಕಟ್ಟುವವರ ಕಪಾಟಿನಲ್ಲಿದ್ದ ಅರಿವು ಕೊಳವೆ ಜೋಡಿಸುವವರ ಮೇಜಿಗೆ ತಲಪಲಿಲ್ಲ. ನಿಯಮವನ್ನು ಪಾಲಿಸಿದವರು ಅದರ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ವಿಚಾರಿಸದಿದ್ದುದು ನಿಯಮದ ತಪ್ಪೆನ್ನಲಾಗದು.

ಜನರ ವಿಶ್ವಾಸವನ್ನು ಕೆಡಿಸಿದ್ದು ಮಾತ್ರ ಸಲಾಕೆಯಲ್ಲ. ಸೋರಿಕೆಯ ಸ್ಥಳದಲ್ಲಿ ತೆಗೆದ ವಿಡಿಯೋ ಚಿತ್ರವನ್ನು ಸ್ಥಾವರದ ಒಡೆತನ ಹೊಂದಿದ್ದ ಸರಕಾರೀ ನಿಗಮವು ಕತ್ತರಿಸಿ ಪ್ರಕಟಿಸಿತು. ಡಿಸೆಂಬರ್ 9ರ ನಸುಕಿನಲ್ಲಿ ತೆಗೆದುದನ್ನಂತೂ ಬಚ್ಚಿಟ್ಟಿತು. ಗುಟ್ಟು ಬಯಲಾದ ಮೇಲೆ, ಈ ಮರೆಮಾಚುವಿಕೆಯ ಒಳವಿಚಾರಣೆಗೆ ನಿಯುಕ್ತನಾಗಿದ್ದ ಅಧಿಕಾರಿಯೊಬ್ಬ 1996ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸೋಡಿಯಂ ಬೆಂಕಿ ಯಾರ ಪ್ರಾಣವನ್ನೂ ತೆಗೆದಿರಲಿಲ್ಲ.

ಆ ನಿಗಮವನ್ನು 1998ರಲ್ಲಿ ಪುನರ್ರಚಿಸಲಾಯಿತು. ಅದೇ ವರ್ಷ ಜಪಾನಿನ ಯಂತ್ರಶಿಲ್ಪಿಗಳ ಸಂಘವು ದ್ರವಪ್ರವಾಹದೊಳಗಣ ಸಲಾಕೆಗಳ ಕಂಪನದ ಕುರಿತು ಹೊಸ ಸೂತ್ರಗಳನ್ನು ಹೊರಡಿಸಿತು. ಅಮೆರಿಕದ ನಿಯಮಾವಳಿಯೂ ಪ್ರವಾಹದ ದಿಕ್ಕಿನ ಕಂಪನವನ್ನು ಲೆಕ್ಕಕ್ಕೆ ತೆಗೆದುಕೊಂಡು 2010ರಲ್ಲಿ ಪುನಃ ಬರೆಯಲ್ಪಟ್ಟಿತು. ಮೊಂಜು ಮರಳಿ ನಡೆದದ್ದು ಆ ವರ್ಷದ ಮೇ ತಿಂಗಳಿನಲ್ಲಿಯೇ. ಆಗಸ್ಟಿನಲ್ಲಿ ಇಂಧನ ಸಾಗಿಸುವ ಯಂತ್ರವೊಂದು ರಿಯಾಕ್ಟರಿನ ಪಾತ್ರೆಯೊಳಕ್ಕೆ ಬಿದ್ದು ಕೆಲಸ ಮತ್ತೆ ನಿಂತಿತು. 2016ರ ಡಿಸೆಂಬರಿನಲ್ಲಿ ಸ್ಥಾವರವನ್ನು ಕಳಚಿಹಾಕಲು ಜಪಾನ್ ಸರಕಾರ ನಿರ್ಧರಿಸಿತು.