ಮೂಗು ನೆಟ್ಟಗಿದೆ, ಉಸಿರು?

ಕನ್ನಡದಲ್ಲಿ ಮೂಗು ಅಂದ್ರೆ ಮಾನ. ಶೂರ್ಪನಖಿಯ ಕತೆಯನ್ನು ನಿಮ್ಮ ಅಜ್ಜಿ ಹೇಳಿರಬೇಕು. ಅಲ್ಲಿ ಹೋದದ್ದು ಬರೀ ಮಾಂಸದ ತುಂಡಲ್ಲ. ಮಲೇಷ್ಯಾದಲ್ಲಿ ಬೆಳೆದ ನಿಮಗೆ ಇನ್ನೊಂದು ಮಾತೂ ಗೊತ್ತಿರುತ್ತೆ. ಹೆಣ್ಣುಗಳ ಹಿಂದೆ ಅಲೆಯುವವನನ್ನು ಮಲಯ್ ಭಾಷೆಯಲ್ಲಿ ‘ಹಿಡುಂಗ್ ಬೆಲಾಂಗ್’ ಅಂತಾರೆ, ಅಂದರೆ ಪಟ್ಟೆಪಟ್ಟೆ ಮೂಗಿನವನು. ಎರಡೂ ಕಡೆ ಲೆಕ್ಕಕ್ಕೆ ಬರೋದು ಹೊರಗೆ ಕಾಣುವ ಮೂಗು. ಅದಕ್ಕೇ ಇರಬೇಕು, ಮಗುವಿನ ಮೂಗಿಗೆ ಚೆಂಡು ಬಡಿದರೆ ನಾವು ಮುಖ ತಿರುಗಿಸಿ ನೋಡಿ, “ನೆಟ್ಟಗಿದೆ, ಏನೂ ಆಗಿಲ್ಲ” ಅಂದುಬಿಡ್ತೀವಿ.

ಚರಿತ್ರೆಯೂ ಬಹುಕಾಲ ಹೀಗೇ ಹೊರಗಿನಿಂದಲೇ ನೋಡಿತು. ಮೂಗಿನ ಚಿಕಿತ್ಸೆಯ ಅತಿ ಪ್ರಸಿದ್ಧ ಘಟನೆ ಶುರುವಾಗೋದು ನಮ್ಮ ಮೈಸೂರು ಯುದ್ಧದಲ್ಲಿ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಒಬ್ಬ ದೇಶೀ ವೈದ್ಯ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ. ಅಳತೆಗೆ ಬಳಸಿದ್ದು ಮೇಣದ ಅಚ್ಚು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವಿವರವನ್ನು ಚಿತ್ರಸಮೇತ ಅಚ್ಚುಹಾಕಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲೇ ಆ ಶಸ್ತ್ರಕ್ರಿಯೆ ನಡೆಸಿದ.

ಎಲ್ಲರೂ ಹೇಳೋದು ಹಣೆಯ ಚರ್ಮದ ಕತೆ. ನನಗೆ ಹಿಡಿಸಿದ್ದು ಅದೇ ವರದಿಯ ಒಂದು ಸಣ್ಣ ವಿವರ: ಹೊಸ ಹೊಳ್ಳೆಗಳು ಮುಚ್ಚಿಕೊಳ್ಳಬಾರದು ಅಂತ ಅವುಗಳೊಳಗೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಇಡುತ್ತಿದ್ದರು. ಅದಕ್ಕೂ ಎಷ್ಟೋ ಶತಮಾನ ಮುಂಚಿನ ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮ ತೆಗೆದು ಮೂಗು ಕಟ್ಟುವ ವಿಧಾನವಿದೆ. ಅಲ್ಲೂ ಒಳಗೆ ಎರಡು ನಾಳಗಳನ್ನು ಇಡಲು ಹೇಳಿದೆ. ಮಾನದ ಜೊತೆ ಉಸಿರನ್ನೂ ಉಳಿಸಬೇಕು ಅನ್ನೋದು ಕತ್ತಿ ಹಿಡಿದವರಿಗೆ ಗೊತ್ತಿತ್ತು. ಕತೆ ಹೇಳಿದವರು ಅದನ್ನು ಬಿಟ್ಟರು, ಅಷ್ಟೆ.

ಮೂಗೇ ಹೋದವನ ಕಷ್ಟ ಎಲ್ಲರಿಗೂ ಕಾಣುತ್ತೆ. ಸಣ್ಣ ಪೆಟ್ಟಿನ ಕಷ್ಟ ಹಾಗಲ್ಲ. ನಿಮ್ಮ ಕಿವಿಯ ಮೇಲಿನ ಅಂಚನ್ನು ಮಡಚಿ ನೋಡಿ. ಬಾಗಿ ಮತ್ತೆ ನೆಟ್ಟಗಾಗುತ್ತಲ್ಲ, ಅದು ಮೃದ್ವಸ್ಥಿ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗವೂ ಅದರದ್ದೇ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದ್ದ ತೆಳು ಪೊರೆಯಿಂದಲೇ ಅದರ ಪೋಷಣೆ. ಪೆಟ್ಟು ಬಿದ್ದು ಪೊರೆ ಮತ್ತು ಗೋಡೆಯ ನಡುವೆ ರಕ್ತ ತುಂಬಿದರೆ ಆಹಾರ ನಿಂತುಹೋಗುತ್ತೆ. ಒಂದೆರಡು ದಿನದಲ್ಲೇ ಗೋಡೆ ಸಾಯತೊಡಗುತ್ತೆ. ಕೀವಾಗಬಹುದು, ಆಮೇಲೆ ಮೂಗಿನ ಬೆನ್ನು ಕುದುರೆಯ ತಡಿಯ ಹಾಗೆ ಕುಸಿಯಬಹುದು. ಎಲುಬು ಮುರಿದಿರಲೇಬೇಕಂತಿಲ್ಲ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣಿಸೋದೂ ಇಲ್ಲ.

ಇನ್ನು ಕೆಲವರಲ್ಲಿ ಗೋಡೆ ಸಾಯಲ್ಲ, ಸ್ವಲ್ಪ ಬಾಗುತ್ತೆ ಅಷ್ಟೆ. ಮಕ್ಕಳಲ್ಲಿ ಮೂಗು ಬೆಳೆದಂತೆ ಆ ಬಾಗೂ ಬೆಳೆಯಬಹುದು. ಇಲ್ಲೊಂದು ಸೋಜಿಗವಿದೆ. ನಮ್ಮ ಎರಡು ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲಿಸುತ್ತವೆ: ಒಂದು ಊದಿಕೊಂಡು ಬಿಡುವು ಪಡೆಯುತ್ತೆ, ಇನ್ನೊಂದು ತೆರೆದುಕೊಳ್ಳುತ್ತೆ. ಯೋಗಿಗಳು ಇಡಾ, ಪಿಂಗಲಾ ಅಂದದ್ದರಲ್ಲಿ ಇದರ ಅರಿವಿತ್ತು. ಆಧುನಿಕ ವೈದ್ಯದಲ್ಲಿ ಇದನ್ನು ವಿವರಿಸಿದ್ದು 1895ರಲ್ಲಿ, ಜರ್ಮನಿಯ ಕೈಸರ್. ಬಲಗಡೆ ಗೋಡೆ ಬಾಗಿದ್ದವರಿಗೆ ಎಡಗಡೆಯ ಬಿಡುವಿನ ಪಾಳಿ ಬಂದಾಗ ಎರಡೂ ಕಟ್ಟಿದಂತೆ ಅನಿಸುತ್ತೆ. “ಆಗಾಗ ಕಟ್ಟುತ್ತೆ, ಆಮೇಲೆ ಸರಿಹೋಗುತ್ತೆ” ಅನ್ನುವವರನ್ನು ಮನೆಯವರು ನೆಗಡಿ ಅಂತ ಸುಮ್ಮನಾಗಿಸೋದು ಹೀಗೆ.

ಈ ಬಾಗನ್ನು ಸರಿಪಡಿಸುವ ಒಳ್ಳೆಯ ದಾರಿ ಸಿಕ್ಕಿದ್ದು ತೀರಾ ಇತ್ತೀಚೆಗೆ. 1902ರಲ್ಲಿ ಷಿಕಾಗೋದ ಫ್ರೀರ್, 1904ರಲ್ಲಿ ಜರ್ಮನಿಯ ಕಿಲ್ಲಿಯನ್, ಪೊರೆಯನ್ನು ಉಳಿಸಿ ಒಳಗಿನ ಬಾಗಿದ ಭಾಗವನ್ನು ತೆಗೆಯುವ ಕ್ರಮ ವಿವರಿಸಿದರು. ಜಾಸ್ತಿ ತೆಗೆದರೆ ಮೂಗು ಕುಸಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಷಿಕಾಗೋದವರೇ ಆದ ಮಾರಿಸ್ ಕಾಟಲ್, ಗೋಡೆಯನ್ನು ಆದಷ್ಟು ಉಳಿಸಿಕೊಂಡೇ ನೆಟ್ಟಗೆ ಮಾಡಬೇಕು ಅಂತ ಹಟ ಹಿಡಿದರು. ಮೂಗು ಒಂದು ಉಸಿರಾಟದ ಅಂಗ ಅನ್ನೋದನ್ನು ಶಸ್ತ್ರವೈದ್ಯರ ತಲೆಗೆ ತುಂಬಿದವರಲ್ಲಿ ಅವರೂ ಒಬ್ಬರು.

ಇದೆಲ್ಲ ಕ್ವಾಲಾಲಂಪುರದಲ್ಲಿರುವ ನಿಮಗೆ ಯಾಕೆ? ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತೆ ಅಂತ ನಮ್ಮಲ್ಲೊಂದು ಮಾತಿದೆ. ಮೂಗು ಕಟ್ಟಿದವರು ಬಾಯಲ್ಲಿ ಉಸಿರಾಡ್ತಾರೆ. ಬಾಯಿಗೆ ದೂಳು ಸೋಸೋದಕ್ಕೆ ಬರಲ್ಲ. ಜೆರೆಬು, ಅಂದರೆ ಕಾಡು ಸುಟ್ಟ ಹೊಗೆ, 1997ರಲ್ಲಿ ಸರವಾಕ್‌ನಲ್ಲೂ 2005ರಲ್ಲಿ ಕ್ಲಾಂಗ್ ಬಂದರು, ಕ್ವಾಲಾ ಸೆಲಂಗೋರ್‌ಗಳಲ್ಲೂ ತುರ್ತು ಪರಿಸ್ಥಿತಿ ಸಾರುವಷ್ಟು ದಟ್ಟವಾಗಿತ್ತು. ಅಂಥ ಗಾಳಿಯಲ್ಲಿ ಮೂಗು ಕೆಲಸ ಮಾಡದವರ ಪಾಡು ಊಹಿಸಿ.

ಹಾಗಾಗಿ ಸೆಪಾಕ್ ತಕ್ರಾವ್ ಚೆಂಡೋ ಫುಟ್ಸಾಲ್ ಆಟದ ಮೊಣಕೈಯೋ ಮಗುವಿನ ಮೂಗಿಗೆ ತಗುಲಿದರೆ ಕನ್ನಡಿ ಸಾಲದು. ಟಾರ್ಚ್ ಹಿಡಿದು ಹೊಳ್ಳೆಯೊಳಗೆ ನೋಡಿ. ನಡುಗೋಡೆಯ ಮೇಲೆ ಕೆಂಪೋ ನೀಲಿಯೋ ಮೆತ್ತನೆಯ ಉಬ್ಬು ಕಂಡರೆ, ಎರಡೂ ಕಡೆ ಒಟ್ಟಿಗೆ ಕಟ್ಟಿದರೆ, ನೋವು ಇಳಿಯೋ ಬದಲು ಏರಿದರೆ, ಅಥವಾ ಜ್ವರ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಹೋಗಿ, “ಒಳಗೆ ರಕ್ತ ಕಟ್ಟಿದೆಯಾ ನೋಡಿ” ಅಂತ ಬಾಯಿಬಿಟ್ಟು ಕೇಳಿ. ಉಬ್ಬು ಕಾಣದಿದ್ದರೂ ಮಾರನೇ ದಿನ ಇನ್ನೊಮ್ಮೆ ಟಾರ್ಚ್ ಹಾಕಿ, ಯಾಕಂದ್ರೆ ರಕ್ತ ಕೆಲವೊಮ್ಮೆ ನಿಧಾನವಾಗಿ ತುಂಬುತ್ತೆ.