ಹಳೆಯ ಬ್ರೇಕು, ಹೊಸ ರಬ್ಬರು

ಅಜ್ಜನ ಕಾಲದ ಸೈಕಲೊಂದನ್ನು ಅಟ್ಟದಿಂದ ಇಳಿಸಿ ಮತ್ತೆ ಓಡಿಸುವ ಆಸೆ ನಮ್ಮಲ್ಲಿ ಹಲವರಿಗೆ ಇರುತ್ತದೆ. ಫ್ರೇಮಿಗೆ ಬಣ್ಣ ಬಳಿಯಬಹುದು. ಚೈನು, ಟೈರು, ಸೀಟು ಹೊಸದಾಗಿ ಕೊಳ್ಳಬಹುದು. ಪ್ರಶ್ನೆ ಏಳುವುದು ಬ್ರೇಕಿನ ಬಳಿ. ಗುಜರಿಯಲ್ಲಿ ಇನ್ನೊಂದು ಸೈಕಲ್‌ನಿಂದ ಬಿಚ್ಚಿದ ಬ್ರೇಕನ್ನು ಇದಕ್ಕೆ ಕೂರಿಸಬಹುದೇ? ಬೇರೆ ಯಾವ ಭಾಗ ಕೈಕೊಟ್ಟರೂ ಇಳಿದು ತಳ್ಳಿಕೊಂಡು ಹೋಗಬಹುದು. ಬ್ರೇಕು ಕೈಕೊಟ್ಟರೆ ಹಾಗಲ್ಲ. ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ.

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲನ್ನು ತಂದಾಗ ಇಂದಿನ ಸೈಕಲ್ಲಿನ ರೂಪುರೇಷೆ ಸಿದ್ಧವಾಯಿತು. ಆ ಕಾಲದ ಸಾಮಾನ್ಯ ಬ್ರೇಕು ಚಮಚದಾಕಾರದ ಒಂದು ಲೋಹದ ತುಂಡು. ಅದು ನೇರವಾಗಿ ಟೈರನ್ನೇ ಒತ್ತುತ್ತಿತ್ತು. ಗಟ್ಟಿ ರಬ್ಬರಿನ ಟೈರಿಗೆ ಅದು ಸರಿ. ಆದರೆ 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ಗಾಳಿ ತುಂಬುವ ಟೈರನ್ನು ಮಾಡಿದ ಮೇಲೆ ಈ ಬ್ರೇಕು ಟೈರನ್ನೇ ಸವೆಸತೊಡಗಿತು. ಹೀಗಾಗಿ ಟೈರನ್ನು ಬಿಟ್ಟು ಲೋಹದ ರಿಮ್ಮನ್ನು ಒತ್ತುವ ಬ್ರೇಕುಗಳು ಬಳಕೆಗೆ ಬಂದವು.

ಅವುಗಳಲ್ಲಿ ನಮ್ಮ ನಾಡಿನ ಮನೆಮಾತಾದದ್ದು ಕಂಬಿ ಬ್ರೇಕು. ಹಿಡಿ ಒತ್ತಿದರೆ ಕಂಬಿ ಮೇಲೆ ಜಗ್ಗುತ್ತದೆ, ಅದರ ತುದಿಯ ಕವೆ ಮೇಲೇಳುತ್ತದೆ, ಕವೆಯ ಎರಡು ರಬ್ಬರುಗಳು ಕಡ್ಡಿಗಳ ಆಚೀಚೆ ರಿಮ್ಮಿನ ಒಳಮೈಯನ್ನು ಒತ್ತುತ್ತವೆ. 1896ರಲ್ಲೇ ಬೌಡೆನ್ ಎಂಬವರು ಕೇಬಲ್ಲಿಗೆ ಪೇಟೆಂಟ್ ಪಡೆದಿದ್ದರು. ಆದರೂ ಕಂಬಿ ಬ್ರೇಕು ಇಲ್ಲಿ ಇಷ್ಟು ಕಾಲ ಬಾಳಿದ್ದೇಕೆ? ಕೇಬಲ್ ಒಳಗಿಂದೊಳಗೇ ತುಕ್ಕು ಹಿಡಿದು ಒಂದು ದಿನ ತುಂಡಾಗಬಹುದು. ಕಂಬಿಯ ದೋಷ ಕಣ್ಣಿಗೆ ಕಾಣುತ್ತದೆ, ಒಂದು ಪಾನಾ ಇದ್ದರೆ ಸರಿಹೋಗುತ್ತದೆ. ಹಳ್ಳಿಯ ಹೊಂಡಗುಂಡಿಗಳಲ್ಲಿ ಚಕ್ರ ಅಷ್ಟಿಷ್ಟು ಅಡ್ಡಕ್ಕೆ ಬೆಂಡಾದರೂ ಅದು ಕೆಲಸ ನಿಲ್ಲಿಸುವುದಿಲ್ಲ.

ಈ ಸರಳತೆಯಿಂದಲೇ ಅದನ್ನು ಮತ್ತೆ ಬಳಸಲು ಸಾಧ್ಯ. ಆದರೆ ಎಲ್ಲವನ್ನೂ ಅಲ್ಲ. ಹಿಡಿ, ಕಂಬಿ, ಕವೆ ಇವು ಉಕ್ಕಿನವು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದರೆ ಹೆಚ್ಚಿನವು ಉಳಿಯುತ್ತವೆ. ಬಿರುಕು ಬಿಟ್ಟದ್ದನ್ನು, ಬಾಗಿಸಿ ಬಾಗಿಸಿ ಸೋತದ್ದನ್ನು ಮಾತ್ರ ಎಸೆಯಬೇಕು. ಕಂಬಿಗಳನ್ನು ಬಿಗಿಯುವ ಬೋಲ್ಟಿನ ಮರೆ ಸವೆದಿದ್ದರೆ ಅದೂ ಬೇಡ. ರಬ್ಬರಿನ ವಿಷಯದಲ್ಲಿ ರಾಜಿಯಿಲ್ಲ. ವರ್ಷಗಳು ಕಳೆದಂತೆ ಅದು ಕಲ್ಲಿನಂತಾಗುತ್ತದೆ, ನೋಡಲು ದಪ್ಪಗಿದ್ದರೂ ಹಿಡಿಯುವುದಿಲ್ಲ. ಹೊಸ ರಬ್ಬರನ್ನು ಕೂರಿಸುವಾಗ ಅದರ ತಗಡಿನ ಮುಚ್ಚಿದ ಬದಿ ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಬ್ರೇಕು ಹಿಡಿದ ಕ್ಷಣವೇ ರಬ್ಬರು ಜಾರಿ ಬೀದಿಗೆ ಬೀಳುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು ರಿಮ್ಮಿನದು. ಕಂಬಿ ಬ್ರೇಕಿಗೆ ಬೇಕಾದದ್ದು ಒಳಮೈಯಲ್ಲಿ ರಬ್ಬರು ಕೂರಲು ಜಾಗವಿರುವ ವೆಸ್ಟ್‌ವುಡ್ ಮಾದರಿ. ಪಕ್ಕದಿಂದ ಹಿಡಿಯುವ ಬ್ರೇಕಿಗೆ ಪಕ್ಕಗಳು ಚಪ್ಪಟೆಯಾದ ರಿಮ್ಮು ಬೇಕು. ಬ್ರೇಕು ಎಷ್ಟೇ ಚೆನ್ನಾಗಿರಲಿ, ರಿಮ್ಮಿಗೆ ಹೊಂದದಿದ್ದರೆ ಅದು ಅಲಂಕಾರ ಮಾತ್ರ. ಎಲ್ಲವೂ ಹೊಂದಿಕೊಂಡರೂ ಮಳೆಯಲ್ಲಿ ಎಚ್ಚರ ತಪ್ಪಬಾರದು. ಒದ್ದೆಯಾದ ಕ್ರೋಮ್ ಉಕ್ಕಿನ ಮೇಲೆ ರಬ್ಬರಿನ ಹಿಡಿತ ಬಹಳ ಕುಗ್ಗುತ್ತದೆ. ಮಲೆನಾಡಿನ ಇಳಿಜಾರುಗಳಲ್ಲಿ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಗುಜರಿಯಿಂದ ತಂದ ಭಾಗಗಳ ತುಕ್ಕು ಉಜ್ಜುವಾಗ ಕೆಲವೊಮ್ಮೆ ಹೆಸರುಗಳು ಕಾಣಿಸುತ್ತವೆ. ಅವುಗಳಲ್ಲಿ ನಮ್ಮ ದೇಶದ ಕಥೆ ಅಡಗಿದೆ. ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದ ಹರ್ಕ್ಯುಲಿಸ್ ಅನ್ನು 1949ರಲ್ಲಿ ಆರಂಭವಾದ ಟಿ.ಐ. ಸೈಕಲ್ಸ್ ಮದರಾಸಿನ ಅಂಬತ್ತೂರಿನಲ್ಲೇ ತಯಾರಿಸತೊಡಗಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಹುಟ್ಟಿತು. ಹೀರೊ ಎಂಬ ಹೆಸರಿನ ಕಥೆ ಮಾತ್ರ ಬೇರೆಯೇ. ಇಂದಿನ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದ ಮುಂಜಾಲ್ ಸಹೋದರರು ಅಮೃತಸರದಲ್ಲಿ ಸೈಕಲ್ ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದರು. ಆ ಕುಟುಂಬ ಹೇಳಿಕೊಂಡು ಬಂದಿರುವಂತೆ, ಅಲ್ಲಿ ಸೈಕಲ್ ಸೀಟು ತಯಾರಿಸುತ್ತಿದ್ದ ಕರೀಂ ದೀನ್ ಎಂಬವರು ತಮ್ಮ ಸರಕಿಗೆ ಹೀರೊ ಎಂಬ ಹೆಸರಿಟ್ಟಿದ್ದರು. ದೇಶ ವಿಭಜನೆಯ ಸಮಯದಲ್ಲಿ ಪಾಕಿಸ್ತಾನಕ್ಕೆ ಹೊರಟು ನಿಂತ ಅವರಲ್ಲಿ ಓಂ ಪ್ರಕಾಶ್ ಮುಂಜಾಲ್ ಆ ಹೆಸರನ್ನು ಕೇಳಿದರು. ಅವರು ಒಪ್ಪಿದರು. ಲೂಧಿಯಾನದಲ್ಲಿ 1956ರಲ್ಲಿ ಹೀರೊ ಸೈಕಲ್ಸ್ ಆರಂಭವಾಯಿತು. 1986ರಲ್ಲಿ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಸಂಸ್ಥೆ ಎಂದು ಗಿನ್ನಿಸ್ ದಾಖಲೆಗೆ ಸೇರಿತು.

ಗಡಿಯ ಎರಡೂ ಬದಿ ರಕ್ತ ಹರಿಯುತ್ತಿದ್ದ ದಿನಗಳವು. ಊರು ಬಿಟ್ಟು ಹೋಗುವವನು ತನ್ನ ದುಡಿಮೆಯ ಹೆಸರನ್ನು ಗೆಳೆಯನ ಕೈಗಿತ್ತು ಹೋದ. ವಿಭಜನೆಯ ಚರಿತ್ರೆಯಲ್ಲಿ ದ್ವೇಷಕ್ಕೆ ದೊರೆತ ಪುಟಗಳ ಪೈಕಿ ಒಂದನ್ನಾದರೂ ನಾವು ಇಂಥ ಸಂಗತಿಗೆ ಕೊಟ್ಟಿದ್ದೇವೆಯೇ?

ನಮ್ಮ ಊರುಗಳ ಸೈಕಲ್ ಶಾಪಿನ ಸಾಬರ ಕಥೆಯೂ ಹೀಗೆಯೇ ಬರೆಯದೆ ಉಳಿದಿದೆ. ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಟ್ಟ ಸೈಕಲ್‌ಗಳಲ್ಲಿ ಬಿದ್ದು ಎದ್ದು ಕಲಿತವರು ನಾವು. ಯಾವ ಜಾತಿ, ಧರ್ಮದ ಮಗು ಎಂದು ಕೇಳದೆ ಅವರು ಮೊದಲು ಬ್ರೇಕನ್ನು ಒತ್ತಿ ನೋಡಿ ಸೈಕಲ್ ಕೊಡುತ್ತಿದ್ದರು. ಯಾವ ಕಂಬಿಯನ್ನು ಉಳಿಸಬೇಕು, ಯಾವ ರಬ್ಬರನ್ನು ಎಸೆಯಬೇಕು ಎಂಬ ವಿದ್ಯೆ ಅವರ ಬೆರಳುಗಳಲ್ಲಿತ್ತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದ್‌ನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿದಾಗ ಅದು ಸುದ್ದಿಯಾಯಿತು. ನಮ್ಮ ಬೀದಿಯ ಶಾಪುಗಳು ಒಂದೊಂದಾಗಿ ಮುಚ್ಚಿದ್ದು ಸುದ್ದಿಯಾಗಲಿಲ್ಲ.

ಆದ್ದರಿಂದ ಹಳೆಯ ಸೈಕಲ್ ಕಟ್ಟುವವರು ಬ್ರೇಕನ್ನು ಹಿಡಿದುಕೊಂಡು ಉಳಿದಿರುವ ಶಾಪೊಂದರ ಬಳಿ ಹೋಗಲಿ, ಅಲ್ಲಿಯ ಹಿರಿಯರ ಪಕ್ಕ ಸ್ವಲ್ಪ ಹೊತ್ತು ಕೂರಲಿ. ಹಳತರಲ್ಲಿ ಗಟ್ಟಿಯಿರುವುದನ್ನು ಉಳಿಸಿ, ಸತ್ವ ಹೋದುದನ್ನು ಬದಲಿಸಿ ಮುಂದೆ ಸಾಗುವ ವಿವೇಕ ಅವರಲ್ಲಿದೆ. ಇಂದು ನಮ್ಮ ಸಮಾಜಕ್ಕೂ ಅದರ ಅಗತ್ಯವಿದೆ.